ಕೊರಳಿನ ಧಮನಿಯಲ್ಲಿ ಉಳಿದ ಹೆಪ್ಪು

ಕೊರಳಿನ ಎರಡು ಪಾರ್ಶ್ವಗಳಲ್ಲಿ ನಾಲ್ಕು ನಾಲ್ಕರಂತೆ ಇರುವ ಸಿರೆಗಳಿಗೆ ಸುಶ್ರುತಾಚಾರ್ಯರು ‘ಮಾತೃಕಾ’ ಎಂದು ಹೆಸರಿಟ್ಟು, ಅವನ್ನು ಪೆಟ್ಟು ಬಿದ್ದೊಡನೆ ಪ್ರಾಣಹರಣ ಮಾಡುವ ಮರ್ಮಗಳಲ್ಲಿ ಎಣಿಸಿರುವರು. ಇಂದಿನ ವೈದ್ಯರು ಕೆರೋಟಿಡ್ ಎನ್ನುವ ಧಮನಿಗಳು ಇದೇ ಸ್ಥಳದಲ್ಲಿ ಹಾದು, ಮಿದುಳಿಗೆ ಬಹುಭಾಗ ರಕ್ತವನ್ನು ಒಯ್ಯುವುವು. ಲಕ್ವದ ರೋಗಿಯು ಚಿಕಿತ್ಸೆ ಪಡೆದು ಮನೆಗೆ ಮರಳಿದ ಮೇಲೆ ಈ ಧಮನಿಗಳ ಯೋಚನೆಯೇ ನಮಗೆ ಬರುವುದಿಲ್ಲ. ಆ ವಿಷಯವಾಗಿ ವಾಚಕರಲ್ಲಿ ನಾಲ್ಕು ಮಾತು ವಿಜ್ಞಾಪಿಸುತ್ತೇವೆ.

ಮಿದುಳಿನ ನಾಳವನ್ನು ರಕ್ತದ ಹೆಪ್ಪು ಮುಚ್ಚಿದಾಗ, ನಾಲ್ಕೂವರೆ ಗಂಟೆಯೊಳಗೆ ಅದನ್ನು ಕರಗಿಸುವ ಮದ್ದನ್ನು ಚುಚ್ಚುವುದುಂಟು. ದೊಡ್ಡ ನಾಳವಾದರೆ, ತೊಡೆಯ ಸಂದಿನಿಂದ ಸಣ್ಣ ನಳಿಕೆಯನ್ನೇರಿಸಿ ಹೆಪ್ಪನ್ನು ಸೆಳೆದು ತೆಗೆಯುವ ಕ್ರಮವು 2015ರ ಪರೀಕ್ಷೆಗಳ ಅನಂತರ ರೂಢಿಗೆ ಬಂದಿದೆ. ಕೈ ಏಳುವುದು, ನುಡಿ ಮರಳುವುದು. ಗಂಡಾಂತರ ಕಳೆಯಿತೆಂದು ಮನೆಯವರು ದೇವರಿಗೆ ತುಪ್ಪದ ದೀಪ ಹಚ್ಚುವರು. ಆದರೆ ಆ ಹೆಪ್ಪು ಕೊರಳಿನಿಂದ ಹೊರಟುದಾಗಿದ್ದರೆ, ಅದರ ಮೂಲವು ಅಲ್ಲಿಯೇ ಉಳಿದಿರಬಹುದು. ಕೊಬ್ಬು ಹತ್ತಿ ಬಿರಿದ ಧಮನಿಯ ಗೋಡೆಗೆ ಬುಡ ಅಂಟಿ, ತುದಿಯು ರಕ್ತಪ್ರವಾಹದಲ್ಲಿ ತೂಗಾಡುವುದೂ ಉಂಟು.

ಅದನ್ನು ಕೂಡಲೇ ಕಿತ್ತುಹಾಕಬಾರದೇಕೆ? ಉಪಕರಣವು ಸೋಕಿದರೆ ತುಣುಕು ಹಾರಿ ಮಿದುಳನ್ನು ಸೇರಬಹುದು. ಆದುದರಿಂದ ಅನೇಕ ವೇಳೆ ರಕ್ತವು ಹೆಪ್ಪುಗಟ್ಟದಂತೆ ಔಷಧ ಕೊಟ್ಟು, ಕೆಲವು ದಿನ ಅಥವಾ ವಾರಗಳ ಮೇಲೆ ಪುನಃ ಚಿತ್ರ ತೆಗೆದು ನೋಡುವರು; ಅಷ್ಟರಲ್ಲಿ ಶರೀರವೇ ಹೆಪ್ಪನ್ನು ಕರಗಿಸುವುದುಂಟು. ಕರಗಿಸುವ ಮದ್ದನ್ನು ಚುಚ್ಚಿದ್ದರೆ, ಮಿದುಳಿನಲ್ಲಿ ರಕ್ತ ಸೋರೀತೆಂಬ ಭಯದಿಂದ, ಮೊದಲ 24 ಗಂಟೆ ಆಸ್ಪಿರಿನ್ ಮೊದಲಾದವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಧಮನಿಯು ನೂರಕ್ಕೆ 70ರಿಂದ 99ರವರೆಗೆ ಕಿರಿದಾಗಿರುವ ಇಂತಹ ರೋಗಿಗಳಿಗೆ ಶಸ್ತ್ರಕ್ರಿಯೆ ಹಿತಕರವೆಂದು 1991ರಲ್ಲಿ ಉತ್ತರ ಅಮೆರಿಕದ ಪರೀಕ್ಷೆಯೊಂದು ತೋರಿಸಿತು. ದೇಹಸ್ಥಿತಿ ಅನುಕೂಲವಾಗಿದ್ದರೆ ಅದನ್ನು ಎರಡು ವಾರದೊಳಗೆ ಮಾಡಿಸುವುದು ಮೇಲು.

ಇನ್ನು ಮನೆಯವರ ಕರ್ತವ್ಯ. ವೈದ್ಯರನ್ನು ಕೇಳದೆ, ಹಲ್ಲು ಕೀಳಿಸುವ ನೆಪದಿಂದಲೂ ಸಹ, ಮಾತ್ರೆಯನ್ನು ನಿಲ್ಲಿಸತಕ್ಕದ್ದಲ್ಲ. ಕೊರಳನ್ನು ಒತ್ತಿ ತೀಡುವುದು, ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ಮುರಿಸುವುದು ಕೂಡದು. ಹೊಗೆಸೊಪ್ಪು ಸರ್ವಥಾ ವರ್ಜ್ಯ. ಮಲ ಕಪ್ಪಾದರೆ ವೈದ್ಯರಿಗೆ ಕೂಡಲೇ ತಿಳಿಸಬೇಕು. ತಲೆನೋವು ಹಠಾತ್ತಾಗಿ ಉಗ್ರವಾದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಒಂದು ಕಣ್ಣಿಗೆ ಕತ್ತಲೆ ಕವಿದರೆ, ಕ್ಷಣದಲ್ಲಿ ಸರಿಹೋದರೂ ಆಸ್ಪತ್ರೆಗೆ ಒಯ್ಯತಕ್ಕದ್ದು.

ನಮ್ಮೊಡನೆ ಪಾಠ ಹೇಳುತ್ತಿದ್ದ ಮಿತ್ರರೊಬ್ಬರು, ಗುಣವಾಯಿತಲ್ಲ ಎಂದು ಮೂರನೆಯ ತಿಂಗಳಲ್ಲಿ ಮಾತ್ರೆಗಳನ್ನು ಬಿಟ್ಟರು. ಎರಡನೆಯ ಸಲ ಹೋದ ಅವರ ನುಡಿ ಮರಳಲಿಲ್ಲ. ಗುಣ ಕಂಡಿತೆಂಬುದು ಮಾತ್ರೆಯನ್ನು ಬಿಡಲು ಕಾರಣವಾಗಲಾರದೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ.