ಮಗನಿಗೊಂದು, ಜವಾನನಿಗೊಂದು ನ್ಯಾಯವಿಲ್ಲ

ಗೆಂಡೆಹಳ್ಳಿ ಸುತ್ತಿನ ನಮ್ಮ ಸದಸ್ಯರಲ್ಲಿ ಸೈನ್ಯದಲ್ಲಿ ದುಡಿದು ಬಂದು, ಈಗ ನಾಲ್ಕೈದು ಎಕರೆ ಕಾಫಿ, ಅದರೊಳಗೆ ಮೆಣಸು, ತಗ್ಗಿನಲ್ಲಿ ಒಂದಿಷ್ಟು ಅಡಿಕೆ ಇಟ್ಟುಕೊಂಡು ಬಾಳುತ್ತಿರುವ ಹಿರಿಯರಿದ್ದಾರೆ. ಯುದ್ಧದ ಮಾತು ತೆಗೆದರೆ ಇವರು ಸುಲಭವಾಗಿ ಬಾಯಿ ಬಿಡುವವರಲ್ಲ. "ಅದೆಲ್ಲ ಈಗ ಯಾಕೆ ಸ್ವಾಮಿ, ಮೆಣಸಿನ ಧಾರಣೆ ಎಷ್ಟಾಯಿತು ಹೇಳಿ" ಎಂದು ಮಾತು ತಿರುಗಿಸುತ್ತಾರೆ. ಹಾಗೆ ತಿರುಗಿಸದೆ, ತಾವು ಕಂಡುಂಡದ್ದನ್ನು ಹೇಳಿದ ಒಬ್ಬ ಯೋಧರ ವಿಚಾರವನ್ನು ಈ ಸಲ ವಾಚಕರ ಮುಂದಿಡುತ್ತಿದ್ದೇನೆ. ಅವರು ನಮ್ಮ ತಾಲ್ಲೂಕಿನವರಲ್ಲ. ಆದರೆ ನಮ್ಮಂತೆಯೇ ಕಾಫಿ ಬೆಳೆಯುವ ಕೊಡಗಿನವರು. ಅವರೇ ಏರ್ ಮಾರ್ಷಲ್ ಕೆ. ಸಿ. ಕಾರಿಯಪ್ಪ. ಆಪ್ತರಿಗೆ ನಂದಾ.

ಇವರ ತಂದೆ ಜನರಲ್ ಕೆ. ಎಂ. ಕಾರಿಯಪ್ಪನವರನ್ನು ಅರಿಯದವರಿಲ್ಲ. 1949ರ ಜನವರಿ 15ರಂದು ಬ್ರಿಟಿಷ್ ದಂಡನಾಯಕರ ಕೈಯಿಂದ ಭಾರತದ ಭೂಸೇನೆಯ ಮುಖ್ಯಾಧಿಕಾರವನ್ನು ವಹಿಸಿಕೊಂಡ ಮೊದಲ ಭಾರತೀಯರು ಅವರು. ಪ್ರತಿವರ್ಷ ಜನವರಿ 15ನ್ನು ಸೇನಾ ದಿನವೆಂದು ಆಚರಿಸುವುದು ಈ ಕಾರಣಕ್ಕೇ. 1953ರಲ್ಲಿ ಅವರು ನಿವೃತ್ತರಾದರು. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು ಬಹಳ ತಡವಾಗಿ, 1986ರಲ್ಲಿ. ಮಡಿಕೇರಿಯ 'ರೋಶನಾರಾ' ಅವರ ಮನೆ. ದೇಶವಿಭಜನೆಗೆ ಮುಂಚೆ ವಾಯುವ್ಯ ಗಡಿಯಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದ ಅಧಿಕಾರಿಗಳಲ್ಲಿ ಆಯೂಬ್ ಖಾನ್ ಎಂಬುವರೂ ಒಬ್ಬರು. ಮುಂದೆ ಪಾಕಿಸ್ತಾನದ ಅಧ್ಯಕ್ಷರಾದವರು ಇವರೇ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

1965ರ ಸೆಪ್ಟೆಂಬರಿನಲ್ಲಿ ಯುದ್ಧ ಪೂರ್ಣಪ್ರಮಾಣದಲ್ಲಿ ಹತ್ತಿಕೊಂಡಾಗ ನಂದಾ ಅವರಿಗೆ 27 ವರ್ಷ; ವಾಯುಪಡೆಯಲ್ಲಿ ಹಂಟರ್ ವಿಮಾನದ ಚಾಲಕರು. ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಒಂದು ದಿನವೂ ಉಳಿದಿರದಾಗ, ಪಂಜಾಬಿನ ಕಸೂರು ಭಾಗದಲ್ಲಿ ಶತ್ರುನೆಲೆಯ ಮೇಲೆ ದಾಳಿ ನಡೆಸುವಾಗ ಕೆಳಗಿನಿಂದ ಹಾರಿಬಂದ ಗುಂಡುಗಳು ಅವರ ವಿಮಾನಕ್ಕೆ ತಗುಲಿದವು. ವಿಮಾನಕ್ಕೆ ಬೆಂಕಿ ಹತ್ತಿತು. ಹೊರಕ್ಕೆ ಚಿಮ್ಮಿ, ಪ್ಯಾರಾಚ್ಯೂಟಿನಲ್ಲಿ ಇಳಿದರು. ನೆಲಕ್ಕೆ ಅಪ್ಪಳಿಸಿದ ರಭಸಕ್ಕೆ ಬೆನ್ನುಮೂಳೆಗೆ ಪೆಟ್ಟಾಗಿ ಮೇಲೇಳಲಾಗಲಿಲ್ಲ.

ಖಾಕಿ ತೊಟ್ಟ ಸೈನಿಕರು ಸುತ್ತುವರಿದು ಕೈ ಎತ್ತಲು ಹೇಳಿದರು. ತಾವು ಬಿದ್ದದ್ದು ಗಡಿಯ ಯಾವ ಮಗ್ಗುಲಿಗೆ ಎಂಬುದು ಆಗಲೂ ಅವರಿಗೆ ಖಚಿತವಿರಲಿಲ್ಲ. ಅಷ್ಟರಲ್ಲಿ ಫಿರಂಗಿಯ ಗುಂಡುಗಳು ಬೀಳತೊಡಗಿದವು. ಅವು ಭಾರತದ ಕಡೆಯ ಗುಂಡುಗಳೆಂದು ಒಬ್ಬ ಸೈನಿಕನ ಬಾಯಿಂದ ಬಂದಾಗಲೇ ತಾವು ಸೆರೆಯಾದದ್ದು ತಿಳಿಯಿತಂತೆ. ಮಾರನೆಯ ಬೆಳಗಿನ ಜಾವ ಮೂರೂವರೆಗೆ ಯುದ್ಧ ನಿಂತಿತು. ಕಟಾವು ಮುಗಿಯುವ ದಿನ ಮರದಿಂದ ಬಿದ್ದವನ ಹಾಗಾಯಿತು ಇವರ ಸ್ಥಿತಿ.

ಸೆರೆ ಸಿಕ್ಕ ಯೋಧನು ತನ್ನ ಹೆಸರು, ಹುದ್ದೆ, ಸೇನಾ ಸಂಖ್ಯೆ, ಹುಟ್ಟಿದ ದಿನ ಇಷ್ಟನ್ನು ಬಿಟ್ಟು ಮತ್ತೇನನ್ನೂ ಹೇಳಬೇಕಾಗಿಲ್ಲವೆಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ. ನಂದಾ ಆ ಮಿತಿಯಲ್ಲೇ ನಿಂತರು. ಆದರೆ ಆ ಹೆಸರೇ ಮಿಕ್ಕ ಎಲ್ಲವನ್ನೂ ಹೇಳಿಬಿಟ್ಟಿತು. ಕಾರಿಯಪ್ಪನವರ ಮಗ ಸೆರೆಸಿಕ್ಕ ಸುದ್ದಿಯನ್ನು ಪಾಕಿಸ್ತಾನ ರೇಡಿಯೋ ಬಿತ್ತರಿಸಿತು.

ಹಳೆಯ ಅಧಿಕಾರಿಯ ಋಣವನ್ನು ಆಯೂಬ್ ಖಾನರು ಮರೆತಿರಲಿಲ್ಲ. ಮಗ ಸುರಕ್ಷಿತನಾಗಿದ್ದಾನೆಂದು ಕಾರಿಯಪ್ಪನವರಿಗೆ ತಿಳಿಸಿದ್ದಲ್ಲದೆ, ಬೇಕಾದರೆ ಬಿಟ್ಟು ಕಳುಹಿಸುವುದಾಗಿಯೂ ಹೇಳಿ ಕಳುಹಿಸಿದರೆಂದು ಪ್ರಸಿದ್ಧಿ. ಅದಕ್ಕೆ ತಂದೆ ಕೊಟ್ಟ ಉತ್ತರದ ಸಾರ ಇಷ್ಟು: ಅಲ್ಲಿರುವ ಸೆರೆಯಾಳುಗಳೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಒಂದೇ ಸಮನಾಗಿ ನೋಡಿಕೊಳ್ಳಿ. ಆಗ ಅವರಿಗೆ 66 ವರ್ಷ. ಮಗ ಪೆಟ್ಟು ತಿಂದು ಪರರಾಜ್ಯದಲ್ಲಿ ಮಲಗಿದ್ದಾಗ ಹೀಗೆ ಹೇಳಲು ಎಂಥ ಎದೆ ಬೇಕು!

ಈ ಮಾತು ಎಲ್ಲರಿಗೂ ತಿಳಿದದ್ದೇ. ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಸಂಗತಿ ಮಗನ ಬಾಯಿಂದಲೇ ಬಂದದ್ದು. ಆಸ್ಪತ್ರೆಯಲ್ಲಿ ಅವರನ್ನು ನೋಡಲು ಆಯೂಬ್ ಖಾನರ ಪತ್ನಿ ಹಾಗೂ ಹಿರಿಯ ಮಗ ಬಂದರು. ಸಿಗರೇಟು, ವುಡ್‌ಹೌಸರ ಒಂದು ಕಾದಂಬರಿ ತಂದುಕೊಟ್ಟರು. ಪಾಕಿಸ್ತಾನದ ದಂಡನಾಯಕ ಜನರಲ್ ಮೂಸಾ ಕೂಡ ಬಂದು, ಏನಾದರೂ ಬೇಕೇ ಎಂದು ವಿಚಾರಿಸಿದರು. ಆಗ ನಂದಾ ಒಂಟಿ ಸೆರೆಯಲ್ಲಿದ್ದವರು. ಊರಿಗೆ ಕಳುಹಿಸಿ ಎನ್ನಬಹುದಿತ್ತು, ಸೌಕರ್ಯ ಕೇಳಬಹುದಿತ್ತು. ಅವರು ಬೇಡಿದ್ದು, ತಮ್ಮನ್ನು ಉಳಿದ ಭಾರತೀಯ ಸೆರೆಯಾಳುಗಳ ಜೊತೆ ಇರಿಸಬೇಕೆಂದು. ಅದರಂತೆ ಅವರನ್ನು ದರ್ಗೈ ಎಂಬಲ್ಲಿನ ಶಿಬಿರಕ್ಕೆ ಸೇರಿಸಲಾಯಿತು.

ಮಡಿಕೇರಿಯ ತಂದೆಗೂ ಪಾಕಿಸ್ತಾನದ ಸೆರೆಯಲ್ಲಿದ್ದ ಮಗನಿಗೂ ನಡುವೆ ಸಮಾಲೋಚನೆಗೆ ಅವಕಾಶವಿರಲಿಲ್ಲ. ಆದರೂ ಇಬ್ಬರೂ ಕೇಳಿದ್ದು ಒಂದನ್ನೇ: ನಮ್ಮನ್ನು ಗುಂಪಿನಿಂದ ಬೇರೆ ಮಾಡಬೇಡಿ.

1966ರ ಜನವರಿ 10ರಂದು ತಾಷ್ಕೆಂಟ್ ಒಪ್ಪಂದವಾಯಿತು. ಜನವರಿ 22ಕ್ಕೆ, ಸೆರೆಯಾಗಿ ಸರಿಯಾಗಿ ನಾಲ್ಕು ತಿಂಗಳಿಗೆ, ನಂದಾ ಸಂಗಡಿಗರೊಡನೆ ತಾಯ್ನಾಡಿಗೆ ಮರಳಿದರು. ಬೆನ್ನಿನ ಪೆಟ್ಟಿನ ನಂತರ ಹೆಲಿಕಾಪ್ಟರುಗಳಿಗೆ ಬದಲಾಗಿ, ಏರ್ ಮಾರ್ಷಲ್ ಪದವಿಗೇರಿ ನಿವೃತ್ತರಾದರು. ತಂದೆಯ ಜೀವನಚರಿತ್ರೆಯನ್ನೂ ಬರೆದರು.

ಸಹಕಾರ ಸಂಘದ ಕಾರ್ಯದರ್ಶಿಗೆ ಈ ಕಥೆ ಬರಿಯ ಕಥೆಯಲ್ಲ. ಗೊಬ್ಬರದ ಲಾರಿ ಬಂದು ಮೂಟೆ ಕಡಿಮೆ ಬಿದ್ದ ದಿನ, "ನಮ್ಮವರಿಗೆ ಎರಡು ಮೂಟೆ ಮೊದಲೇ ಎತ್ತಿಡಿ" ಎಂಬ ಮಾತು ನನ್ನ ಕಿವಿಗೆ ಬೀಳದೆ ಹೋಗುವುದಿಲ್ಲ. ಹೇಳುವವರು ಬಂಧುಗಳಿರುತ್ತಾರೆ, ಬೇಕಾದವರಿರುತ್ತಾರೆ. ದಾಕ್ಷಿಣ್ಯಕ್ಕೆ ಬಸಿರಾಗುವ ಆಸೆ ಮನಸ್ಸಿಗೆ ಬಂದದ್ದುಂಟು ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಐವತ್ತು ಎಕರೆಯವರಿಗೂ ಅರ್ಧ ಎಕರೆಯವರಿಗೂ ಸಂಘದಲ್ಲಿ ಇರುವುದು ಒಂದೇ ಮತ. ತಕ್ಕಡಿಯೂ ಒಂದೇ, ಸರದಿಯೂ ಒಂದೇ ಆಗಿರಬೇಕು. ಹೆತ್ತ ಮಗನ ವಿಷಯದಲ್ಲೇ ಒಬ್ಬರು ಸರದಿ ಮುರಿಯಲಿಲ್ಲವೆಂದ ಮೇಲೆ ಗೊಬ್ಬರದ ಮೂಟೆ ಯಾವ ಲೆಕ್ಕ?

ಕಡೆಯದಾಗಿ, ನಮ್ಮ ಹಿರಿಯ ಯೋಧ ಸದಸ್ಯರಲ್ಲಿ ಒಂದು ವಿನಂತಿ. 1971ರಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಮುಂದಿನ ಸಲ ಕಚೇರಿಗೆ ಬಂದಾಗ ಮೆಣಸಿನ ಧಾರಣೆ ಕೇಳಿ ಹಾಗೇ ಹೊರಟುಬಿಡಬೇಡಿ. ಒಂದು ಲೋಟ ಕಾಫಿ ಕುಡಿಯುತ್ತಾ ಹೇಳಿ. ಬರೆದುಕೊಳ್ಳುವ ಹೊಣೆ ನನ್ನದು.