ಸಡಿಲಕ್ಕೊಂದು ಜಾಗ: ಜಾರುವ ಸರ್ವರ್‌ಗಳ ಕೇಬಲ್ ಕಟ್ಟುವ ಕೌಶಲ

ಸರ್ವರ್ ರ‍್ಯಾಕ್‌ನ ಕೆಲಸಗಾರಿಕೆ ಕಾಣುವುದು ಅದರ ಬೆನ್ನಿನಲ್ಲಿ. ಒಂದೊಂದು ಸರ್ವರ್‌ಗೂ ಸಾಮಾನ್ಯವಾಗಿ ಎರಡು ವಿದ್ಯುತ್ ಕೇಬಲ್, ಎರಡೋ ನಾಲ್ಕೋ ನೆಟ್‌ವರ್ಕ್ ಕೇಬಲ್, ದೂರದಿಂದ ನಿರ್ವಹಿಸಲು ಮತ್ತೊಂದು ಕೇಬಲ್ ಇರುತ್ತವೆ. ಇಪ್ಪತ್ತು ಸರ್ವರ್‌ಗಳಿರುವ ರ‍್ಯಾಕ್‌ನಲ್ಲಿ ಅವು ನೂರನ್ನು ಮುಟ್ಟುತ್ತವೆ, ದಾಟುವುದೂ ಉಂಟು. ಉಪಕರಣಗಳು ಕದಲದೆ ಕೂತಿರುವುದಾದರೆ ಇವನ್ನೆಲ್ಲ ಒಮ್ಮೆ ಅಂದವಾಗಿ ಕಟ್ಟಿದರೆ ಸಾಕು. ಆದರೆ ಬಹುಪಾಲು ಸರ್ವರ್‌ಗಳು ಮೇಜಿನ ಡ್ರಾಯರ್‌ನಂತೆ ಮುಂದಕ್ಕೆ ಜಾರುತ್ತವೆ. ಹಾಗೆ ಜಾರುವಾಗ ಬೆನ್ನಿನ ಕೇಬಲ್‌ಗಳೂ ಜೊತೆಗೆ ಬರಬೇಕು, ಹಿಂದೆ ಹೋಗುವಾಗ ಸಿಕ್ಕಾಗದೆ ತಮ್ಮ ಜಾಗಕ್ಕೆ ಮರಳಬೇಕು. ಈ ಎರಡನ್ನೂ ಸಾಧಿಸುವುದೇ ಜಾರುವ ಉಪಕರಣಗಳ ಕೇಬಲ್ ಜೋಡಣೆ.

ಚೌಕಟ್ಟು ಮತ್ತು ಹಳಿ

ಇಂದಿನ ರ‍್ಯಾಕ್ ದೂರವಾಣಿ ವಿನಿಮಯ ಕೇಂದ್ರಗಳಿಂದ ಬಂದ ಬಳುವಳಿ. ಅಲ್ಲಿನ ರಿಲೇಗಳನ್ನು ಕೂರಿಸುತ್ತಿದ್ದ ಉಕ್ಕಿನ ಚೌಕಟ್ಟಿನ 19 ಇಂಚು ಅಗಲವೇ ಇಂದಿಗೂ ಉಳಿದಿದೆ. ಎತ್ತರವನ್ನು ‘ಯು’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಯು ಎಂದರೆ 44.45 ಮಿಲಿಮೀಟರ್. ಡಾಟಾ ಸೆಂಟರ್‌ಗಳಲ್ಲಿ ಹೆಚ್ಚಾಗಿ ಕಾಣುವ 42 ಯು ರ‍್ಯಾಕ್‌ನಲ್ಲಿ ಉಪಕರಣಗಳಿಗೆ ಸುಮಾರು 187 ಸೆಂಟಿಮೀಟರ್ ಎತ್ತರದ ಜಾಗ ಸಿಗುತ್ತದೆ.

ಉಪಕರಣ ಕೂರುವ ಹಳಿಗಳಲ್ಲಿ ಎರಡು ಬಗೆ. ಒಂದು ಬಗೆಯ ಹಳಿ ಭಾರ ಹೊರುತ್ತದೆ, ಅಷ್ಟೇ. ಇನ್ನೊಂದು ಬಗೆಯದು ಒಂದರೊಳಗೊಂದು ಸೇರುವ ಉಕ್ಕಿನ ಪಟ್ಟಿಗಳಿಂದಾದದ್ದು. ನಡುವಿನ ಗುಂಡುಗಳ ಮೇಲೆ ಅವು ಜಾರುತ್ತವೆ. ಪೂರ್ತಿ ಎಳೆದಾಗ ಸರ್ವರ್‌ನ ಇಡೀ ಮೇಲ್ಮುಚ್ಚಳ ರ‍್ಯಾಕ್‌ನಿಂದ ಹೊರಗಿರುತ್ತದೆ.

ಎಳೆಯುವುದೇಕೆ?

ಸರ್ವರ್ ತೆರೆಯುವುದು ಮೇಲಿನಿಂದ. ಮೆಮೊರಿ, ಪ್ರೊಸೆಸರ್, ಕಾರ್ಡ್‌ಗಳನ್ನು ಬದಲಿಸಲು ಅದನ್ನು ಹೊರಗೆಳೆಯಲೇಬೇಕು. ಈ ಕೆಲಸಗಳಿಗೆ ವಿದ್ಯುತ್ ನಿಲ್ಲಿಸುವುದು ರೂಢಿಯಾದ್ದರಿಂದ ಕೇಬಲ್‌ಗಳನ್ನು ಮೊದಲೇ ಕಳಚಬಹುದು. ಆದರೆ ಕೆಟ್ಟ ಫ್ಯಾನ್ ಬದಲಿಸುವಂಥ ಕೆಲಸಗಳನ್ನು ಎಷ್ಟೋ ಸರ್ವರ್‌ಗಳಲ್ಲಿ ಯಂತ್ರ ಓಡುತ್ತಿರುವಾಗಲೇ ಮಾಡಬಹುದು.

ಡಿಸ್ಕ್‌ಗಳನ್ನು ಮೇಲಿನಿಂದ ತುಂಬುವ ದೊಡ್ಡ ಶೇಖರಣಾ ಪೆಟ್ಟಿಗೆಗಳಲ್ಲಿ ಬೇರೆ ದಾರಿಯೇ ಇಲ್ಲ. 4 ಯು ಎತ್ತರದ ಪೆಟ್ಟಿಗೆಯಲ್ಲಿ 60 ಡಿಸ್ಕ್‌ಗಳು ಸಾಲುಸಾಲಾಗಿ ನಿಂತಿರುತ್ತವೆ. ಅವುಗಳಲ್ಲೊಂದು ಕೆಟ್ಟರೆ ಉಳಿದ 59 ಡಿಸ್ಕ್‌ಗಳ ಕೆಲಸ ನಿಲ್ಲಿಸದೆ ಪೆಟ್ಟಿಗೆಯನ್ನೋ ಅದರ ಒಳಗಿನ ಖಾನೆಯನ್ನೋ ಎಳೆಯಬೇಕು. ಆಗ ಒಂದು ಕೇಬಲ್ ಬಿಗಿದು ಕಳಚಿಕೊಂಡರೂ ದುರಸ್ತಿಗೆಂದು ಹೋದದ್ದೇ ಹೊಸ ದೋಷಕ್ಕೆ ಕಾರಣವಾಗುತ್ತದೆ. ಇಂಥ ಪೆಟ್ಟಿಗೆ ತುಂಬಿದಾಗ ನೂರು ಕಿಲೋ ದಾಟುವುದೂ ಉಂಟು. ಹಾಗಾಗಿ ಭಾರದ ಉಪಕರಣಗಳನ್ನು ರ‍್ಯಾಕ್‌ನ ಕೆಳಭಾಗದಲ್ಲಿ ಕೂರಿಸಬೇಕು, ಒಮ್ಮೆಗೆ ಒಂದನ್ನಷ್ಟೇ ಹೊರಗೆಳೆಯಬೇಕು. ಇಲ್ಲವಾದರೆ ರ‍್ಯಾಕ್ ಮುಂದಕ್ಕೆ ವಾಲೀತು.

ಎಷ್ಟು ಉದ್ದ ಬೇಕು?

ಗೂಟಕ್ಕೆ ಕಟ್ಟಿದ ಹಸು ಹಗ್ಗದ ಉದ್ದ ಇರುವಷ್ಟು ದೂರ ಮಾತ್ರ ಮೇಯುತ್ತದೆ. ಸರ್ವರ್‌ನ ಲೆಕ್ಕವೂ ಅದೇ. ಕೇಬಲ್‌ನ ಒಂದು ತುದಿ ಸರ್ವರ್‌ನ ಪೋರ್ಟ್‌ನಲ್ಲಿದೆ. ಗೂಟವೆಂದರೆ ರ‍್ಯಾಕ್‌ನ ಹಿಂಗಂಬದಲ್ಲಿ ಆ ಕೇಬಲನ್ನು ಮೊದಲು ಬಿಗಿದ ಜಾಗ. ಸರ್ವರ್ 75 ಸೆಂಟಿಮೀಟರ್ ಮುಂದೆ ಬರುವುದಾದರೆ ಈ ಎರಡರ ನಡುವೆ ಕನಿಷ್ಠ ಅಷ್ಟು ಹೆಚ್ಚುವರಿ ಕೇಬಲ್ ಇರಬೇಕು, ಬಾಗುವ ಕಡೆಗಳಿಗೆಂದು ಇನ್ನಷ್ಟು ಸೇರಿಸಬೇಕು.

ಉದ್ದ ಕಡಿಮೆಯಾದರೆ ಪೋರ್ಟ್‌ಗೆ ಪೆಟ್ಟು. ಉದ್ದ ಹೆಚ್ಚಿ, ಸಡಿಲವಾದ ಕೇಬಲ್ ತೋಚಿದ ಕಡೆ ಜೋತುಬಿದ್ದರೆ ಅದು ಕೆಳಗಿನ ಸರ್ವರ್‌ನ ಪ್ಲಗ್‌ಗೆ ತೊಡರಿಕೊಳ್ಳುತ್ತದೆ, ಇಲ್ಲವೇ ಹಳಿಯ ಸಂದಿಯಲ್ಲಿ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಕೇಬಲ್‌ಗೆ ಸಡಿಲ ಬೇಕು. ಆ ಸಡಿಲ ಎಲ್ಲಿರಬೇಕು, ಯಾವ ದಾರಿಯಲ್ಲಿ ಹೋಗಿ ಬರಬೇಕು ಎಂಬುದು ನಿಶ್ಚಿತವಾಗಿರಬೇಕು. ಈ ಕೌಶಲದ ತಿರುಳು ಇಷ್ಟೇ.

ಮಡಚುವ ಕೈ

ಸಡಿಲಕ್ಕೆ ಜಾಗ ಮಾಡಿಕೊಡುವ ಸಾಧನವೇ ಕೇಬಲ್ ಮ್ಯಾನೇಜ್‌ಮೆಂಟ್ ಆರ್ಮ್. ಇದು ಎರಡು ತುಂಡುಗಳ, ಮೊಣಕೈಯಂತೆ ಮಡಚುವ ತೋಳು. ಒಂದು ತುದಿ ಸರ್ವರ್‌ನೊಂದಿಗೆ ಚಲಿಸುವ ಹಳಿಗೆ ಸೇರುತ್ತದೆ, ಇನ್ನೊಂದು ತುದಿ ಕದಲದ ಹಳಿಗೆ. ಸರ್ವರ್ ಒಳಗಿದ್ದಾಗ ತೋಳು ಅದರ ಬೆನ್ನಿಗೆ ಅಡ್ಡಲಾಗಿ ಮಡಚಿಕೊಂಡಿರುತ್ತದೆ. ಎಳೆದಾಗ ಬಿಚ್ಚಿಕೊಂಡು ಉದ್ದವಾಗುತ್ತದೆ. ಕೇಬಲ್‌ಗಳು ಅದರ ತಂತಿಬುಟ್ಟಿಯಲ್ಲಿ ಮಲಗಿ ಅದರೊಂದಿಗೇ ಚಾಚಿ ಮಡಚಿಕೊಳ್ಳುತ್ತವೆ.

ಕೇಬಲ್‌ಗಳನ್ನು ಸರ್ವರ್ ಕಡೆಯಿಂದ ಆರಂಭಿಸಿ ಒಂದೊಂದಾಗಿ ತೋಳಿಗೆ ಸೇರಿಸುತ್ತ ಹೋಗಬೇಕು. ಕಟ್ಟುವುದು ತೋಳಿನ ನೇರ ಭಾಗದಲ್ಲಿ ಮಾತ್ರ. ಕೀಲಿರುವ ಕಡೆ ಕೇಬಲ್‌ಗೆ ಸಣ್ಣ ಬಳಸು ಬಿಡಬೇಕು; ಅಲ್ಲಿ ಬಿಗಿದರೆ ಪ್ರತಿ ಸಲ ಮಡಚುವಾಗಲೂ ಅದೇ ಜಾಗ ಮುರುಟುತ್ತದೆ. ಬಾಗಿಗೂ ಮಿತಿಯಿದೆ. ನಾಲ್ಕು ಜೋಡಿ ತಂತಿಗಳ ತಾಮ್ರದ ನೆಟ್‌ವರ್ಕ್ ಕೇಬಲ್‌ನ ಬಾಗಿನ ತ್ರಿಜ್ಯ ಅದರ ದಪ್ಪದ ನಾಲ್ಕು ಪಟ್ಟಿಗಿಂತ ಕಡಿಮೆಯಾಗಬಾರದು. ಫೈಬರ್ ಕೇಬಲ್‌ಗೆ ಹತ್ತು ಪಟ್ಟು ಎಂಬುದು ಸಾಮಾನ್ಯ ನಿಯಮ. ಮೂರು ಮಿಲಿಮೀಟರ್ ದಪ್ಪದ ಫೈಬರ್ ಮೂರು ಸೆಂಟಿಮೀಟರ್‌ಗಿಂತ ಚಿಕ್ಕ ತ್ರಿಜ್ಯದಲ್ಲಿ ಬಾಗಿದರೆ ಒಳಗಿನ ಬೆಳಕು ಸೋರಲು ತೊಡಗಬಹುದು. ಕೇಬಲ್ ತುಂಡಾಗದಿದ್ದರೂ ಸಂಕೇತ ದುರ್ಬಲವಾಗುತ್ತದೆ. ಇಂಥ ದೋಷ ಬೇಗ ಕೈಗೆ ಸಿಗುವುದಿಲ್ಲ.

ದಾರ, ಟೈ, ವೆಲ್ಕ್ರೋ

ದೂರವಾಣಿ ಕೇಂದ್ರಗಳಲ್ಲಿ ತಂತಿಗಳನ್ನು ಮೇಣ ಸವರಿದ ದಾರದಿಂದ ಅಂತರ ಅಂತರಕ್ಕೆ ಗಂಟು ಹಾಕಿ ಹೆಣೆಯುತ್ತಿದ್ದರು. ವಿಮಾನ ಮತ್ತು ಬಾಹ್ಯಾಕಾಶ ನೌಕೆಗಳಲ್ಲಿ ಆ ಹೆಣಿಗೆ ಇಂದಿಗೂ ಇದೆ. ವಿಮಾನಗಳ ಈ ಗಂಟಿನ ಕೆಲಸವನ್ನು ಹಗುರಗೊಳಿಸಲೆಂದೇ ಅಮೆರಿಕದ ಥಾಮಸ್ ಅಂಡ್ ಬೆಟ್ಸ್ ಕಂಪನಿಯ ಮಾರಸ್ ಲೋಗನ್ 1958ರಲ್ಲಿ ಕೇಬಲ್ ಟೈ ರೂಪಿಸಿದರು. ಆದರೆ ಟೈಯನ್ನು ಬಿಗಿಯಾಗಿ ಎಳೆದರೆ ಕೇಬಲ್‌ನ ಮೈ ಅದುಮಿಹೋಗಿ ಒಳಗಿನ ಜೋಡಿಗಳ ಹೆಣಿಗೆ ಕೆಡುತ್ತದೆ. ಒಂದು ಕೇಬಲ್ ಬದಲಿಸಬೇಕಾದರೂ ಟೈ ಕತ್ತರಿಸಬೇಕು. ಆಗ ಪಕ್ಕದ ಕೇಬಲ್‌ಗೂ ಕತ್ತರಿ ತಾಗುವ ಭಯ.

ಹಾಗಾಗಿ ಚಲಿಸುವ ಜಾಗಕ್ಕೆ ಹೊಂದುವುದು ವೆಲ್ಕ್ರೋ ಪಟ್ಟಿ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್‌ಗೆ ಇದು ಹೊಳೆದದ್ದು ನಾಯಿಯ ತುಪ್ಪುಳಿಗೆ ಅಂಟಿದ ಮುಳ್ಳುಕಾಯಿಗಳನ್ನು ನೋಡಿ. ಬೇಕೆಂದಾಗ ಬಿಚ್ಚಿ ಮತ್ತೆ ಕಟ್ಟಬಹುದಾದ ಈ ಪಟ್ಟಿಯನ್ನು ಕೇಬಲ್‌ಗಳು ಒಳಗೆ ತುಸು ಜಾರುವಷ್ಟು ಸಡಿಲವಾಗಿ ಸುತ್ತಿದರೆ ಸಾಕು.

ವಿದ್ಯುತ್ತು ಮತ್ತು ಗಾಳಿ

ಸರ್ವರ್‌ನ ಎರಡು ವಿದ್ಯುತ್ ಕೇಬಲ್‌ಗಳು ರ‍್ಯಾಕ್‌ನ ಎರಡು ಬೇರೆ ಬೇರೆ ವಿದ್ಯುತ್ ಪಟ್ಟಿಗಳಿಗೆ ಹೋಗಬೇಕು. ಒಂದು ಪಟ್ಟಿ ನಿಂತರೂ ಇನ್ನೊಂದರಿಂದ ಯಂತ್ರ ಓಡುತ್ತದೆ. ಸರ್ವರ್ ಕಡೆಯ ಸಾಮಾನ್ಯ ಪ್ಲಗ್ ಬರೀ ಹಿಡಿತದ ಬಲದಿಂದ ನಿಲ್ಲುವಂಥದ್ದು. ಆದ್ದರಿಂದ ಸರ್ವರ್‌ನ ವಿದ್ಯುತ್ ಘಟಕದ ಹಿಡಿಗೆ ಕೇಬಲನ್ನು ಒಂದು ಪಟ್ಟಿಯಿಂದ ಕಟ್ಟುತ್ತಾರೆ. ಎಳೆತವೆಲ್ಲ ಆ ಪಟ್ಟಿಗೇ ತಗಲುತ್ತದೆ.

ತೋಳಿನ ಮೇಲಿರುವ ದೊಡ್ಡ ಆಕ್ಷೇಪ ಗಾಳಿಯದು. ಸರ್ವರ್ ಮುಂದಿನಿಂದ ತಂಪು ಗಾಳಿ ಸೆಳೆದು ಹಿಂದಿನಿಂದ ಬಿಸಿ ಗಾಳಿ ಬಿಡುತ್ತದೆ. ಕೇಬಲ್ ತುಂಬಿದ ತೋಳು ಸರಿಯಾಗಿ ಆ ದಾರಿಗೇ ಅಡ್ಡ ನಿಲ್ಲುತ್ತದೆ. ಹಿಂದಿನಿಂದ ಬದಲಿಸುವ ವಿದ್ಯುತ್ ಘಟಕಗಳಿಗೂ ಅದು ಮರೆ. ಇದಕ್ಕಾಗಿ ತೋಳನ್ನು ಒಂದು ಬದಿ ಕಳಚಿ ಬಾಗಿಲಿನಂತೆ ಸರಿಸುವ ಏರ್ಪಾಡು ಇರುತ್ತದೆ. ಬೇಕಾದಷ್ಟೇ ಉದ್ದದ, ತೆಳುವಾದ ಕೇಬಲ್ ಬಳಸಿದರೆ ಗಾಳಿಗೆ ಅಡ್ಡಿಯೂ ಕಡಿಮೆ.

ಎಳೆದು ನೋಡುವ ಪರೀಕ್ಷೆ

ಕೆಲಸ ಮುಗಿಯಿತೆಂದು ಹೇಳುವ ಮೊದಲು ಸರ್ವರನ್ನು ಪೂರ್ತಿ ಎಳೆದು ನೋಡಲೇಬೇಕು. ಒಬ್ಬರು ಮುಂದಿನಿಂದ ನಿಧಾನವಾಗಿ ಎಳೆಯುತ್ತಾರೆ. ಇನ್ನೊಬ್ಬರು ಹಿಂದೆ ನಿಂತು ಯಾವ ಕೇಬಲ್ ಬಿಗಿಯಿತು, ಯಾವುದು ಹಳಿಗೆ ತಾಗಿತು, ತೋಳು ಕೆಳಗಿನ ಸರ್ವರ್‌ನ ಮೇಲೆ ಜೋಲಿತೇ ಎಂದು ಗಮನಿಸುತ್ತಾರೆ. ಒಳಗೆ ತಳ್ಳುವಾಗಲೂ ಅದೇ ನಿಗಾ ಬೇಕು, ಏಕೆಂದರೆ ಕೇಬಲ್ ಸಂದಿಯಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಆಗಲೇ. ಕೊನೆಗೆ ಪ್ರತಿ ಕೇಬಲ್‌ನ ಎರಡೂ ತುದಿಗೆ ಒಂದೇ ಗುರುತಿನ ಚೀಟಿ. ಐದು ವರ್ಷದ ನಂತರ ಬರುವ ಅಪರಿಚಿತ ತಂತ್ರಜ್ಞರಿಗೆ ದಾರಿ ತೋರುವುದು ಅದೇ.

ತೋಳಿಲ್ಲದ ದಾರಿಗಳು

ಎಲ್ಲರೂ ತೋಳನ್ನೇ ಬಳಸುವುದಿಲ್ಲ. ಯಂತ್ರ ನಿಲ್ಲಿಸಿಯೇ ಎಳೆಯುವ ಕಡೆ ಕೇಬಲ್‌ನ ಭಾರ ಹೊರುವ ಒಂದು ಅಡ್ಡ ಸಲಾಕೆ ಸಾಕು. 2011ರಲ್ಲಿ ಫೇಸ್‌ಬುಕ್ ಮುಂದಾಗಿ ಆರಂಭಿಸಿದ ಓಪನ್ ಕಂಪ್ಯೂಟ್ ಪ್ರಾಜೆಕ್ಟ್‌ನ ರ‍್ಯಾಕ್‌ಗಳು ಇನ್ನೂ ಮುಂದೆ ಹೋಗಿವೆ. ಅಲ್ಲಿ ಉಪಕರಣದ ಅಗಲ 21 ಇಂಚು. ವಿದ್ಯುತ್ ಬರುವುದು ರ‍್ಯಾಕ್‌ನ ಬೆನ್ನಿಗಿರುವ ಲೋಹದ ಪಟ್ಟಿಯಿಂದ. ಸರ್ವರನ್ನು ತಳ್ಳಿದಾಗ ಸಂಪರ್ಕ ತಾನಾಗಿ ಕೂಡುತ್ತದೆ, ಎಳೆದಾಗ ಬಿಡುತ್ತದೆ. ನೆಟ್‌ವರ್ಕ್ ಕೇಬಲ್‌ಗಳು ಮುಂಭಾಗದಲ್ಲೇ, ಕೈಗೆಟಕುವಂತೆ ಇರುತ್ತವೆ. ಬೆನ್ನಿನ ಕೇಬಲ್ ಇಲ್ಲವಾದ್ದರಿಂದ ಅದರ ಸಡಿಲಕ್ಕೆ ಜಾಗ ಹುಡುಕುವ ಪ್ರಶ್ನೆಯೂ ಇಲ್ಲ. ಓಡುತ್ತಿರುವಾಗಲೇ ಎಳೆಯಬೇಕಾದ ಡಿಸ್ಕ್ ಪೆಟ್ಟಿಗೆಗಳಿಗೆ ಮಾತ್ರ ಸರಿಯಾಗಿ ಅಳೆದ ಕೇಬಲ್, ಅದರೊಂದಿಗೆ ಮಡಚುವ ತೋಳು ಬೇಕೇ ಬೇಕು.