ಎಡಿನ್‌ಬರೋದ ಓಣಿಗಳೂ ಗೆಡ್ಡೀಸರ ಗೋಪುರವೂ

ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ಕಾಲ್ನಡಿಗೆಯಲ್ಲಿಯೇ ನೋಡತಕ್ಕ ನಗರ. ಎಂದೋ ಆರಿಹೋದ ಜ್ವಾಲಾಮುಖಿಯ ಬಂಡೆಯ ಮೇಲೆ ಅದರ ಕೋಟೆ. ಅಲ್ಲಿಂದ ಪೂರ್ವಾಭಿಮುಖವಾಗಿ ಇಳಿಯುತ್ತ ಹೋಲಿರೂಡ್ ಅರಮನೆಯನ್ನು ಸೇರುವ ಬೀದಿಗೆ ರಾಯಲ್ ಮೈಲ್ ಎಂದು ಹೆಸರು. ಈ ಬೀದಿಯ ಇಕ್ಕೆಲಗಳಲ್ಲಿ ಮೀನಿನ ಮುಳ್ಳುಗಳಂತೆ ಚಾಚಿಕೊಂಡಿರುವ ಕಿರಿದಾದ ಓಣಿಗಳನ್ನು ಅಲ್ಲಿಯ ಜನ ‘ಕ್ಲೋಸ್’ ಎಂದು ಕರೆಯುತ್ತಾರೆ. 1995ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಹಳೆಯ ಊರನ್ನೂ ಅದರ ಉತ್ತರಕ್ಕೆ 18ನೆಯ ಶತಮಾನದಲ್ಲಿ ಕಟ್ಟಲಾರಂಭಿಸಿದ ಹೊಸ ಊರನ್ನೂ ವಿಶ್ವಪರಂಪರೆಯ ತಾಣವೆಂದು ಘೋಷಿಸಿತು.

ಇಲ್ಲಿ ಪ್ರವಾಸಿಗಳನ್ನು ಕರೆದೊಯ್ಯುವ ಮಾರ್ಗದರ್ಶಿಗಳಲ್ಲಿ ಹಲವು ಬಗೆ. ಕ್ರಮವಾಗಿ ಅಭ್ಯಾಸ ಮಾಡಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೀಲಿ ಬಿಲ್ಲೆಯನ್ನು ಧರಿಸಿದವರು ಕೆಲವರು. ಶುಲ್ಕವನ್ನು ಹೇಳದೆ ಕೊನೆಯಲ್ಲಿ ಕೊಟ್ಟಷ್ಟನ್ನು ಪಡೆಯುವವರು ಇನ್ನು ಕೆಲವರು. ಸಂಜೆಯಾಯಿತೆಂದರೆ ಕರಿಯ ನಿಲುವಂಗಿ ತೊಟ್ಟು ದೆವ್ವಗಳ ಕತೆ ಹೇಳುವವರೂ ಹೊರಡುತ್ತಾರೆ. ಕೇಳುವವರು ಹೆಚ್ಚಾಗಿ ಈ ಮೂರನೆಯವರ ಹಿಂದೆ ಹೋಗುವರೆಂದರೆ ಆಶ್ಚರ್ಯವಿಲ್ಲ. ಹೆದರಿಕೆಗೆ ಎಲ್ಲ ಊರುಗಳಲ್ಲಿಯೂ ಗಿರಾಕಿಗಳುಂಟು.

ಅವರು ತಪ್ಪದೆ ಹೇಳುವ ಕತೆಯೊಂದು ಮೇರಿ ಕಿಂಗ್ಸ್ ಕ್ಲೋಸ್ ಎಂಬ ಓಣಿಯದು. 1645ರ ಪ್ಲೇಗಿನಲ್ಲಿ ಅಲ್ಲಿಯ ರೋಗಿಗಳನ್ನು ಒಳಗೆ ಬಿಟ್ಟು ಓಣಿಯ ಬಾಯಿಗೆ ಗೋಡೆ ಕಟ್ಟಿದರಂತೆ! ಕತೆ ರೋಮಾಂಚಕಾರಿ, ಆದರೆ ನಿಜವಲ್ಲ. ರೋಗಿಗಳಿಗೆ ನಗರಸಭೆ ಆಹಾರವನ್ನು ಒದಗಿಸಿತ್ತು. ಅನೇಕರನ್ನು ಊರಾಚೆಯ ಬಯಲಿನ ಗುಡಿಸಲುಗಳಿಗೆ ಸಾಗಿಸಿತ್ತು. ಆ ಓಣಿಯಲ್ಲಿ ಮುಂದೆಯೂ ಬಹುಕಾಲ ಜನ ಬದುಕಿದರು. 1753ರಲ್ಲಿ ಅದರ ಮೇಲೆ ವರ್ತಕರಿಗಾಗಿ ದೊಡ್ಡ ಕಟ್ಟಡವೊಂದನ್ನು ಎಬ್ಬಿಸತೊಡಗಿದಾಗ ಮೇಲಿನ ಅಂತಸ್ತುಗಳನ್ನು ಕೆಡವಿ, ಕೆಳಗಿನ ಮನೆಗಳನ್ನೇ ತಳಪಾಯವಾಗಿಸಿದರು. 2003ರಿಂದ ಪ್ರವಾಸಿಗಳು ಟಿಕೇಟು ಪಡೆದು ಇಳಿದು ನೋಡುವುದು ಹೀಗೆ ಹೂತುಹೋದ ಈ ಕೋಣೆಗಳನ್ನು.

ನಿಜವಾಗಿ ನಡುಗಿಸಬೇಕಾದ ಕತೆ ಅದೇ ಬೀದಿಯ ಇನ್ನೊಂದೆಡೆಯಲ್ಲಿದೆ. 1861ರ ನವೆಂಬರ್ 24ರ ರಾತ್ರಿ ಪೇಸ್ಲಿ ಕ್ಲೋಸಿನ ಬಹುಮಹಡಿಯ ಹಳೆಯ ಮನೆಯೊಂದು ಕುಸಿದು 35 ಮಂದಿ ಸತ್ತರು. ಅವಶೇಷಗಳನ್ನು ಸರಿಸುತ್ತಿದ್ದವರಿಗೆ ಅಡಿಯಿಂದ ಹುಡುಗನೊಬ್ಬನ ಕೂಗು ಕೇಳಿಸಿತು: ಎಳೆಯಿರಿ, ನಾನಿನ್ನೂ ಸತ್ತಿಲ್ಲ ಎಂದು. ಇಂದಿಗೂ ಆ ಓಣಿಯ ಬಾಗಿಲಿನ ಮೇಲೆ ಅವನ ಮುಖವನ್ನೂ ಮಾತನ್ನೂ ಕಲ್ಲಿನಲ್ಲಿ ಕಾಣಬಹುದು. ಮರುವರ್ಷವೇ ನಗರಕ್ಕೆ ಆರೋಗ್ಯಾಧಿಕಾರಿಯಾಗಿ ಡಾಕ್ಟರ್ ಹೆನ್ರಿ ಲಿಟಲ್‌ಜಾನ್ ನೇಮಕಗೊಂಡರು. ಅವರ 1865ರ ವರದಿಯು ಬಡವರ ಓಣಿಗಳ ಸ್ಥಿತಿಯನ್ನು ಅಂಕೆಸಂಖ್ಯೆಗಳೊಡನೆ ಬಯಲಿಗಿಟ್ಟಿತು. ದೆವ್ವದ ಕತೆಗಿಂತ ಇದು ಹೆಚ್ಚು ಹೊತ್ತು ಮನಸ್ಸಿನಲ್ಲಿ ನಿಲ್ಲುವಂಥದು.

ಹಾಳಾದ ಓಣಿಗಳನ್ನು ನೆಲಸಮ ಮಾಡುವುದೊಂದೇ ದಾರಿ ಎಂದು ಹಲವರು ಬಗೆದಿದ್ದ ಕಾಲದಲ್ಲಿ ಪ್ಯಾಟ್ರಿಕ್ ಗೆಡ್ಡೀಸ್ ಎಂಬ ಸಸ್ಯವಿಜ್ಞಾನಿ ಬೇರೆಯೇ ರೀತಿಯಲ್ಲಿ ಯೋಚಿಸಿದರು. ಅವರು ಮಡದಿಯೊಡನೆ ಜೇಮ್ಸ್ ಕೋರ್ಟ್ ಎಂಬ ಬಡವರ ಕೇರಿಗೇ ಬಂದು ನೆಲೆಸಿ, ನೆರೆಯವರನ್ನು ಸೇರಿಸಿಕೊಂಡು ಗುಡಿಸಿ, ಸುಣ್ಣ ಬಳಿದು, ಗಿಡ ನೆಟ್ಟರು. ತೀರ ಶಿಥಿಲವಾದ ಒಂದೆರಡು ಮನೆಗಳನ್ನು ಮಾತ್ರ ತೆಗೆದು ಗಾಳಿಬೆಳಕಿಗೆ ಎಡೆ ಮಾಡುವುದು, ಉಳಿದುದನ್ನು ಉಳಿಸುವುದು ಅವರ ಕ್ರಮ. ಇಂದು ಪ್ರವಾಸಿಗಳು ಮೆಚ್ಚುವ ಹಳೆಯ ಊರು ಇಷ್ಟಾದರೂ ಉಳಿದುದರಲ್ಲಿ ಅವರ ಪಾಲು ದೊಡ್ಡದು.

ಕೋಟೆಯ ಬಳಿಯ ಒಂದು ಗೋಪುರವನ್ನು ಗೆಡ್ಡೀಸ್ 1892ರಲ್ಲಿ ವಹಿಸಿಕೊಂಡರು. ಅದರ ತುದಿಯಲ್ಲಿ ಕನ್ನಡಿ ಮತ್ತು ಮಸೂರಗಳ ಸಾಧನವೊಂದು ಹೊರಗಿನ ಬೀದಿಯ ಜೀವಂತ ಚಿತ್ರವನ್ನು ಕತ್ತಲೆಯ ಕೋಣೆಯ ಬಿಳಿಯ ಮೇಜಿನ ಮೇಲೆ ಬೀಳಿಸುತ್ತದೆ. ನಡೆಯುವ ಜನ, ಹಾರುವ ಹಕ್ಕಿ, ಎಲ್ಲವೂ ಅಂಗೈಯಗಲದಲ್ಲಿ. ಗೆಡ್ಡೀಸ್ ನೋಡುವವರನ್ನು ಮೊದಲು ತುದಿಗೇ ಹತ್ತಿಸುತ್ತಿದ್ದರು. ಬಳಿಕ ಇಳಿಯುತ್ತ ಒಂದು ಅಂತಸ್ತಿನಲ್ಲಿ ಎಡಿನ್‌ಬರೋ, ಅದರ ಕೆಳಗೆ ಸ್ಕಾಟ್ಲೆಂಡ್, ಮತ್ತೂ ಕೆಳಗೆ ಯುರೋಪು, ಕಟ್ಟಕಡೆಗೆ ಜಗತ್ತು. ತನ್ನ ಊರನ್ನು ಅರಿತವನೇ ಲೋಕವನ್ನು ಅರಿಯಬಲ್ಲನೆಂಬುದು ಅವರ ನಂಬಿಕೆ. ಈಗ ಗೋಪುರದ ಅಂತಸ್ತುಗಳನ್ನು ಕಣ್ಕಟ್ಟಿನ ಆಟಗಳು ತುಂಬಿವೆ. ಮೇಲಿನ ಕನ್ನಡಿ ಮಾತ್ರ ತನ್ನ ಕೆಲಸವನ್ನು ಬಿಟ್ಟಿಲ್ಲ.

ಇದೇ ಗೆಡ್ಡೀಸ್ 1914ರಲ್ಲಿ ಭಾರತಕ್ಕೆ ಬಂದರು. ಹಳೆಯ ಕೇರಿಗಳನ್ನು ಸೀಳಿ ನೇರ ರಸ್ತೆಗಳನ್ನೆಳೆಯುವ ಇಂಜಿನಿಯರರ ಉತ್ಸಾಹವನ್ನು ಊರೂರಿನಲ್ಲಿ ವಿರೋಧಿಸಿದರು. ಅವರು ನೋಡಿ ವರದಿ ಬರೆದ ಮದರಾಸು ಪ್ರಾಂತದ ಪಟ್ಟಣಗಳಲ್ಲಿ ಬಳ್ಳಾರಿಯೂ ಒಂದು. ಆದವಾನಿ, ರಾಯದುರ್ಗಗಳ ನಮ್ಮ ಓದುಗರಿಗೆ ಇದು ದೂರದ ಸಂಗತಿಯಲ್ಲ. 1953ರವರೆಗೆ ಅವೂ ಆ ಜಿಲ್ಲೆಯ ತಾಲ್ಲೂಕುಗಳೇ ತಾನೆ!

ಪ್ರವಾಸಿಗಳ ನೂಕುನುಗ್ಗಲು ಎಡಿನ್‌ಬರೋಗೆ ಹಣವನ್ನು ತಂದಂತೆ ಸಂಕಟವನ್ನೂ ತಂದಿದೆ. ಹಳೆಯ ಊರಿನ ಮನೆಗಳು ಒಂದೆರಡು ರಾತ್ರಿಯ ಬಿಡಾರಗಳಾಗಿ ನಿವಾಸಿಗಳಿಗೆ ಬಾಡಿಗೆ ಮನೆ ದುರ್ಲಭವಾಯಿತು. 2022ರಲ್ಲಿ ಇಡೀ ನಗರವನ್ನು ಇಂಥ ಬಿಡಾರಗಳ ನಿಯಂತ್ರಣ ವಲಯವೆಂದು ಸಾರಲಾಯಿತು. ತಂಗುವವರಿಂದ ಬಾಡಿಗೆಯ ಶೇಕಡ 5ರಷ್ಟು ತೆರಿಗೆ ಪಡೆಯಲು ನಗರಸಭೆಯು 2025ರಲ್ಲಿ ನಿರ್ಣಯಿಸಿತು.

ಕೋಟೆಯ ಮುಂದಿನ ಬಯಲಿನ ಅಂಚಿನಲ್ಲಿ, ಗೋಡೆಗೆ ಹೊಂದಿಸಿದ ಪುಟ್ಟ ಲೋಹದ ಚಿಲುಮೆಯೊಂದಿದೆ. ಮಾಟಗಾತಿಯರೆಂಬ ಆರೋಪ ಹೊತ್ತು ಅಲ್ಲಿಯೇ ಸುಡಲ್ಪಟ್ಟವರ ನೆನಪಿಗಾಗಿ 1894ರಲ್ಲಿ ಇದನ್ನು ಮಾಡಿಸಿದವರೂ ಗೆಡ್ಡೀಸರೇ. ರೂಪಿಸಿದವರು ಜಾನ್ ಡಂಕನ್ ಎಂಬ ಕಲಾವಿದರು. ಬಳಿಯ ಫಲಕವಾದರೋ, ಅವರಲ್ಲಿ ಕೆಲವರು ತಮ್ಮ ವಿದ್ಯೆಯನ್ನು ಕೇಡಿಗೆ ಬಳಸಿದರೆಂದೇ ಹೇಳುತ್ತದೆ. ಆ ಕಾನೂನು 1563ರಿಂದ 1736ರವರೆಗೆ ಜಾರಿಯಲ್ಲಿತ್ತು. ಅದರಿಂದ ನೊಂದವರಿಗಾಗಿ ಸ್ಕಾಟ್ಲೆಂಡಿನ ಪ್ರಥಮ ಮಂತ್ರಿ ನಿಕೋಲಾ ಸ್ಟರ್ಜನ್ ಕ್ಷಮೆ ಯಾಚಿಸಿದ್ದು 2022ರ ಮಾರ್ಚ್ 8ರಂದು, ಮಹಿಳಾ ದಿನದಂದು. ಕೋಟೆಗೆ ಧಾವಿಸುವ ಗುಂಪಿಗೆ ಈ ಚಿಲುಮೆ ಸುಲಭವಾಗಿ ಕಾಣದು. ಒಳ್ಳೆಯ ಮಾರ್ಗದರ್ಶಿಯಾದರೆ ಇಲ್ಲಿ ಗುಂಪನ್ನು ನಿಲ್ಲಿಸಿ, ಫಲಕವನ್ನು ಓದಿಸಿ, ಅನಂತರ ಆ ಕ್ಷಮಾಯಾಚನೆಯ ವಿಷಯವನ್ನು ಹೇಳಿಯೇ ಮುಂದೆ ನಡೆಯುತ್ತಾನೆ.